ಅಧ್ಯಾಪಕರ ಮಧುಮೇಹವೂ ಶಾಲೆಯ ವೇಳಾಪಟ್ಟಿಯೂ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಸಮೀಕ್ಷೆಯು, ನಮ್ಮ ವಯಸ್ಕರಲ್ಲಿ ನೂರಕ್ಕೆ 11.4ರಷ್ಟು ಮಂದಿಗೆ, ಎಂದರೆ ಸುಮಾರು 10.1 ಕೋಟಿ ಜನರಿಗೆ, ಮಧುಮೇಹ ಉಂಟೆಂದೂ, ಇನ್ನೂ 13.6 ಕೋಟಿ ಜನ ಅದರ ಪೂರ್ವಾವಸ್ಥೆಯಲ್ಲಿರುವರೆಂದೂ ಅಂದಾಜು ಮಾಡಿತು. ಈ ಲೆಕ್ಕವನ್ನು ನಮ್ಮ ಶಾಲೆಗಳ ಶಿಕ್ಷಕರ ಕೊಠಡಿಗೆ ತಂದು ನೋಡಿದರೆ, ಹತ್ತು ಹನ್ನೆರಡು ಮಂದಿ ಅಧ್ಯಾಪಕರಿರುವ ಪ್ರೌಢಶಾಲೆಯಲ್ಲಿ ಒಬ್ಬರಿಗಾದರೂ ಈ ವ್ಯಾಧಿಯಿರುವುದು ಸಹಜವೆಂದೂ, ನಲವತ್ತು ದಾಟಿದವರೇ ಹೆಚ್ಚಾಗಿರುವ ಕಡೆ ಇಬ್ಬರು ಮೂವರಿಗೆ ಇದ್ದರೂ ಆಶ್ಚರ್ಯವಿಲ್ಲವೆಂದೂ ತೋರುತ್ತದೆ. ಹಾವೇರಿ ಸೀಮೆಯ ಹಳ್ಳಿಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು ಅವರಲ್ಲಿ ಒಬ್ಬಳು. ಆದಕಾರಣ ಇಲ್ಲಿ ಬರೆಯುವ ಸಂಗತಿಗಳಲ್ಲಿ ಕೆಲವು ವೈದ್ಯಶಾಸ್ತ್ರದಿಂದ ತಿಳಿದವು, ಕೆಲವು ನಿತ್ಯದ ಬಾಳಿನಿಂದ ತಿಳಿದವು.

ವೈದ್ಯರ ಉಪದೇಶ ಎಲ್ಲರಿಗೂ ಪರಿಚಿತವಾದುದೇ. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆ ಅರ್ಧ ಗಂಟೆಯ ನಡಿಗೆ, ಸಾಕಷ್ಟು ನಿದ್ರೆ, ಮನಸ್ಸಿಗೆ ನೆಮ್ಮದಿ. ಈ ಉಪದೇಶವನ್ನು ಯಥಾವತ್ತಾಗಿ ಪಾಲಿಸಬಲ್ಲವರಿಗೆ ತಮ್ಮ ಹೊತ್ತು ತಮ್ಮ ಕೈಯಲ್ಲಿರಬೇಕು. ಆದರೆ ಪ್ರಾರ್ಥನೆಯ ಗಂಟೆಯಿಂದ ಸಂಜೆಯ ದೀರ್ಘ ಗಂಟೆಯವರೆಗೆ ಅಧ್ಯಾಪಕರ ಹೊತ್ತು ಅವರದಾಗಿರುವುದಿಲ್ಲ. ನೀರು ಕುಡಿಯುವುದು ಯಾವಾಗ, ಶೌಚಾಲಯಕ್ಕೆ ಹೋಗುವುದು ಯಾವಾಗ, ಬುತ್ತಿ ಬಿಚ್ಚುವುದು ಯಾವಾಗ, ಇವೆಲ್ಲವನ್ನೂ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಅಂಟಿಸಿರುವ ಹಾಳೆಯೊಂದು ನಿರ್ಣಯಿಸುತ್ತದೆ. ಮಧುಮೇಹಿಯಾದ ಅಧ್ಯಾಪಕರ ಆರೋಗ್ಯವು ಔಷಧದಂಗಡಿಯ ಚೀಟಿಯನ್ನು ಎಷ್ಟು ಅವಲಂಬಿಸಿದೆಯೋ, ಆ ವೇಳಾಪಟ್ಟಿಯನ್ನೂ ಅಷ್ಟೇ ಅವಲಂಬಿಸಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಮತ್ತು ಆ ವೇಳಾಪಟ್ಟಿಯನ್ನು ಬರೆಯುವವರು ರೋಗಿಯಲ್ಲದ ಇತರರಾದುದರಿಂದ, ಈ ವಿಷಯವನ್ನು ರೋಗಿಗಳ ಕಿವಿಗೆ ಮಾತ್ರ ಹೇಳಿ ಸುಮ್ಮನಾಗುವುದು ಸಾಲದು.

ಮೊದಲು ದೇಹದೊಳಗಿನ ವ್ಯವಹಾರವನ್ನು ಸ್ವಲ್ಪ ನೋಡೋಣ. ನಾವು ಉಣ್ಣುವ ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದು ಸ್ನಾಯು ಮತ್ತು ಮೇದಸ್ಸಿನ ಜೀವಕೋಶಗಳ ಒಳಹೊಕ್ಕು ಉಪಯೋಗಕ್ಕೆ ಬರಬೇಕಾದರೆ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಬೇಕು. ನಡುವಯಸ್ಸಿನಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಎರಡನೆಯ ಬಗೆಯ ಮಧುಮೇಹದಲ್ಲಿ ಜೀವಕೋಶಗಳು ಇನ್ಸುಲಿನ್ನಿಗೆ ಸ್ಪಂದಿಸುವುದು ಕುಂದುತ್ತದೆ, ವರ್ಷಗಳು ಉರುಳಿದಂತೆ ಗ್ರಂಥಿಯ ಶಕ್ತಿಯೂ ಕುಗ್ಗುತ್ತದೆ. ಅತ್ತ ಯಕೃತ್ತು, ರಕ್ತದಲ್ಲಿ ಸಕ್ಕರೆ ಬೇಕಾದಷ್ಟಿದ್ದಾಗಲೂ, ತನ್ನ ಸಂಗ್ರಹದಿಂದ ಇನ್ನಷ್ಟನ್ನು ಸುರಿಯುತ್ತಲೇ ಇರುತ್ತದೆ. ರಾತ್ರಿ ಏನನ್ನೂ ತಿನ್ನದಿದ್ದರೂ ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಏರಿರುವುದನ್ನು ಕಂಡು ಕಂಗೆಡುವವರು ಬಹುಮಂದಿ; ಬೆಳಗಿನ ಜಾವದಲ್ಲಿ ದೇಹವನ್ನು ಎಚ್ಚರಕ್ಕೆ ಅಣಿಗೊಳಿಸುವ ಕೆಲವು ಹಾರ್ಮೋನುಗಳು ಯಕೃತ್ತನ್ನು ಪ್ರಚೋದಿಸುವುದೇ ಅದಕ್ಕೆ ಅನೇಕ ವೇಳೆ ಕಾರಣ.

ಬರಿಯ ಹೊಟ್ಟೆಯಲ್ಲಿ ಡೆಸಿಲೀಟರ್ ರಕ್ತಕ್ಕೆ 126 ಮಿಲಿಗ್ರಾಮ್ ಅಥವಾ ಅದಕ್ಕೂ ಮೇಲ್ಪಟ್ಟು ಸಕ್ಕರೆಯಿದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಕಂಡುಬಂದರೆ ಮಧುಮೇಹವೆಂದು ನಿರ್ಣಯಿಸುತ್ತಾರೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಶೇಕಡಾ ಎಂಬುದು ಗಡಿ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ 7ರ ಒಳಗೆ ಇರುವುದು ಗುರಿ. ಬೆರಳ ತುದಿಯ ಹನಿಯಿಂದ ಮನೆಯಲ್ಲಿ ಮಾಡುವ ಪರೀಕ್ಷೆ ನಮ್ಮ ತಿಂಗಳ ಕಿರುಪರೀಕ್ಷೆಯಂತೆ ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ, ಎಚ್‌ಬಿಎ1ಸಿ ವಾರ್ಷಿಕ ಫಲಿತಾಂಶದಂತೆ ಒಟ್ಟು ನಡತೆಯನ್ನು ಹೇಳುತ್ತದೆ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಉಂಟಾದವರಲ್ಲಿ ಈ ಅಂಕೆ ನಿಜಕ್ಕಿಂತ ಹೆಚ್ಚಾಗಿ ತೋರಬಹುದು. ನಮ್ಮ ಅಧ್ಯಾಪಿಕೆಯರಲ್ಲಿ ರಕ್ತಹೀನತೆ ಅಪರೂಪವಲ್ಲವಾದ್ದರಿಂದ ಹಿಮೋಗ್ಲೋಬಿನ್ನನ್ನೂ ಜೊತೆಗೇ ನೋಡಿಸುವುದು ಯುಕ್ತ.

ಇನ್ನು ದಿನಚರಿಗೆ ಬರೋಣ. ಹಳ್ಳಿಯ ಶಾಲೆಗೆ ತಾಲ್ಲೂಕು ಕೇಂದ್ರದಿಂದ ಓಡಾಡುವ ಅಧ್ಯಾಪಕರ ಬೆಳಗು ಬಸ್ಸಿನ ವೇಳೆಗೆ ಕಟ್ಟುಬಿದ್ದದ್ದು. ಏಳೂವರೆಯ ಬಸ್ಸು ತಪ್ಪಿದರೆ ಮುಂದಿನದು ಒಂಬತ್ತಕ್ಕೆ ಎಂಬಂತಹ ಊರುಗಳಲ್ಲಿ, ಮನೆಯವರಿಗೆಲ್ಲ ಬುತ್ತಿ ಕಟ್ಟಿ, ತನಗೆ ತಿನ್ನಲು ಹೊತ್ತಿಲ್ಲದೆ, ಮಾತ್ರೆಯನ್ನು ಮಾತ್ರ ನುಂಗಿ ಹೊರಡುವ ಅಭ್ಯಾಸ ಸುಲಭವಾಗಿ ಬೆಳೆದುಬಿಡುತ್ತದೆ. ಇದರಲ್ಲಿರುವ ಅಪಾಯವು ಮಾತ್ರೆ ಯಾವುದೆಂಬುದರ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿದುಹೋಗುವುದು ಅಪರೂಪ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುವುದೂ ಭೇದಿಯಾಗುವುದೂ ಉಂಟಾದಕಾರಣ ಅದನ್ನು ಊಟದೊಡನೆ ತೆಗೆದುಕೊಳ್ಳಹೇಳುತ್ತಾರೆ. ಬಹುವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು, ಅದನ್ನು ಆಗಾಗ ಪರೀಕ್ಷಿಸತಕ್ಕದ್ದು. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಒತ್ತಾಯದಿಂದ ಹೊರಡಿಸುತ್ತವೆ. ಅವನ್ನು ನುಂಗಿದ ಮೇಲೆ ಊಟ ಬಂದೇ ತೀರಬೇಕು. ತನ್ನ ಮಾತ್ರೆ ಈ ಎರಡು ಜಾತಿಗಳಲ್ಲಿ ಯಾವುದಕ್ಕೆ ಸೇರಿದ್ದೆಂಬುದನ್ನು ಪ್ರತಿಯೊಬ್ಬ ಅಧ್ಯಾಪಕನೂ ವೈದ್ಯರನ್ನು ಕೇಳಿ ತಿಳಿದಿರಲೇಬೇಕು.

ತಿನ್ನುವ ಪದಾರ್ಥದ ವಿಷಯದಲ್ಲಿ ನಮ್ಮ ಕಡೆಯ ಅಡುಗೆ ಅಷ್ಟೇನೂ ಪ್ರತಿಕೂಲವಲ್ಲ. ಎರಡು ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಒಂದಿಷ್ಟು ಹಸಿ ಸೊಪ್ಪು, ಅಗಸಿ ಹಿಂಡಿ, ಮಜ್ಜಿಗೆ, ಇಷ್ಟಿದ್ದರೆ ಮಧ್ಯಾಹ್ನದವರೆಗೆ ದೇಹಕ್ಕೆ ನಿಧಾನವಾದ ಆಧಾರ ದೊರೆಯುತ್ತದೆ. ತೊಂದರೆಯಿರುವುದು ಅವಸರದ ಮಂಡಕ್ಕಿ, ಅವಲಕ್ಕಿ, ಬಿಳಿ ಅನ್ನಗಳಲ್ಲಿ. ಮಂಡಕ್ಕಿ ಹಗುರವೆಂದು ಭಾವಿಸಿ ತಟ್ಟೆ ತುಂಬ ಗಿರ್ಮಿಟ್ ತಿನ್ನುವವರು, ಅದು ರಕ್ತದ ಸಕ್ಕರೆಯನ್ನು ಅತಿ ಶೀಘ್ರವಾಗಿ ಏರಿಸುವ ತಿನಿಸುಗಳಲ್ಲಿ ಒಂದೆಂಬುದನ್ನು ಅರಿಯರು. ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದು, ಅನ್ನವನ್ನೋ ರೊಟ್ಟಿಯನ್ನೋ ಆಮೇಲೆ ತಿಂದರೆ ಅದೇ ಊಟದಿಂದಲೇ ಸಕ್ಕರೆಯ ಏರಿಕೆ ಕಡಿಮೆಯಾಗುವುದೆಂದು ಪ್ರಯೋಗಗಳು ತೋರಿಸಿವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಹೆಚ್ಚಾಗಿ ಅಪೇಕ್ಷಿಸದೆಯೇ ಗ್ಲೂಕೋಸನ್ನು ಹೀರುತ್ತವೆ. ತರಗತಿಯಲ್ಲಿ ಇಡೀ ದಿನ ನಿಂತೇ ಇರುವೆವಲ್ಲ, ನಡಿಗೆ ಪ್ರತ್ಯೇಕವಾಗಿ ಏತಕ್ಕೆ ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ನಿಲ್ಲುವುದು ಕಾಲಿಗೆ ಆಯಾಸ ತರುತ್ತದೆ, ಬೀಸು ನಡಿಗೆಯ ಫಲವನ್ನು ಅದು ಕೊಡಲಾರದು.

ಶಾಲೆಯ ಮಧ್ಯಾಹ್ನದ ಕಥೆ ಬೇರೆ. ಅಕ್ಷರ ದಾಸೋಹದ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಅಧ್ಯಾಪಕರು ರುಚಿ ನೋಡತಕ್ಕದ್ದೆಂಬ ನಿಯಮವಿದೆ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಅದು ಅತ್ಯಂತ ಸಮಂಜಸವಾದ ನಿಯಮ. ರುಚಿ ನೋಡಿ, ಸಾಲುಗಳನ್ನು ಕೂರಿಸಿ, ಮೊಟ್ಟೆಯೋ ಬಾಳೆಹಣ್ಣೋ ಎಲ್ಲರಿಗೂ ಮುಟ್ಟಿತೇ ಎಂದು ನೋಡಿ, ತಟ್ಟೆ ತೊಳೆಯುವ ನಳದ ಹತ್ತಿರ ನೂಕುನುಗ್ಗಲಾಗದಂತೆ ಕಾಯ್ದು ಬರುವಷ್ಟರಲ್ಲಿ ಊಟದ ಬಿಡುವಿನ ಬಹುಭಾಗ ಮುಗಿದಿರುತ್ತದೆ. ಉಸ್ತುವಾರಿಯ ಸರದಿಯಿರುವ ಅಧ್ಯಾಪಕರು ತಮ್ಮ ಡಬ್ಬಿಯನ್ನು ಬಿಚ್ಚುವುದು ಎಲ್ಲರ ಬಳಿಕ, ಕೆಲವೊಮ್ಮೆ ಎರಡೂವರೆಗೆ. ಅದರ ಮೇಲೆ, ಯಾರಾದರೂ ರಜೆಯ ಮೇಲಿದ್ದರೆ ಅವರ ತರಗತಿಗಳು ಉಳಿದವರಿಗೆ ಹಂಚಿಕೆಯಾಗಿ, ಮುಂಜಾನೆಯ ಒಂದೇ ಬಿಡುವಿನ ಅವಧಿಯೂ ಹೋಗುತ್ತದೆ. ಆರೋಗ್ಯವಂತರಿಗೆ ಇದು ಬಳಲಿಕೆ. ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗಿ ಬಂದವರಿಗೆ ಇದು ನಿಜವಾದ ಗಂಡಾಂತರ.

ಆ ಗಂಡಾಂತರದ ಸ್ವರೂಪವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು, ಗಣಿತದಲ್ಲಿ ಬಹು ನಿಷ್ಣಾತರು, ಡಿಸೆಂಬರಿನ ಒಂದು ದಿನ ಹತ್ತನೆಯ ತರಗತಿಗೆ ಪೈಥಾಗೊರಸ್ ಪ್ರಮೇಯವನ್ನು ಸಾಧಿಸಿ ತೋರಿಸುತ್ತಿದ್ದರು. ಅವರ ಅಕ್ಷರ ಮುದ್ದಾದದ್ದು, ಕರಿಹಲಗೆಯ ಮೇಲೆ ಗೆರೆ ಎಳೆದಂತೆ ಸಾಗುವಂತಹದು. ಅಂದು ಸಾಲುಗಳು ಬಲಕ್ಕೆ ಹೋಗುತ್ತ ಕೆಳಗೆ ಇಳಿಯತೊಡಗಿದವು. ಬರೆದ ಹೆಜ್ಜೆಯನ್ನೇ ಮತ್ತೆ ಬರೆದರು. ಚಳಿಯ ದಿನದಲ್ಲಿ ಹಣೆಯ ಬೆವರು ಕನ್ನಡಕದ ಮೇಲೆ ಇಳಿಯಿತು. ಎಂದೂ ಗದರದವರು ಸುಮ್ಮನೆ ಕುಳಿತಿದ್ದ ಹುಡುಗನೊಬ್ಬನನ್ನು ಗದರಿ ಎಬ್ಬಿಸಿ ನಿಲ್ಲಿಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಆರಾಮಿಲ್ಲೇನ್ರಿ? ನಮ್ಮಜ್ಜಿಗೂ ಶುಗರ್ ಇಳಿದಾಗ ಹಿಂಗ ಆಕ್ಕತ್ರಿ” ಎಂದವಳೇ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಓಡಿ ಬೆಲ್ಲದ ಹೆಂಟೆಯನ್ನೂ ಒಂದು ಲೋಟ ನೀರನ್ನೂ ತಂದಳು. ಪಕ್ಕದ ಕೊಠಡಿಯಿಂದ ನಾನು ಹೋದಾಗ ಅವರು ಕುರ್ಚಿಯ ಮೇಲೆ ಕುಳಿತು ಮಗುವಿನಂತೆ ಬೆಲ್ಲ ಅಗಿಯುತ್ತಿದ್ದರು. ನನ್ನ ಚೀಲದಲ್ಲಿದ್ದ ಗ್ಲೂಕೋಮೀಟರ್ 52 ಎಂದು ತೋರಿಸಿತು. ಅರ್ಧ ಗಂಟೆಯ ಬಳಿಕ ಪೂರ್ಣ ಚೇತರಿಸಿಕೊಂಡ ಅವರಿಗೆ, ಆ ಹುಡುಗನನ್ನು ಗದರಿದ್ದು ನೆನಪಿರಲಿಲ್ಲ; ಹೇಳಿದಾಗ ಬಹಳ ನೊಂದುಕೊಂಡು ಅವನನ್ನು ಕರೆದು ಸಮಾಧಾನಪಡಿಸಿದರು.

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅದನ್ನು ಇಳಿಕೆಯೆಂದು ಗಣಿಸಿ ಒಡನೆಯೇ ಉಪಚರಿಸಬೇಕು. 54ಕ್ಕಿಂತ ಕೆಳಗಿಳಿದರೆ ಮಿದುಳಿಗೇ ಆಹಾರ ಸಾಲದಾಗಿ ವಿವೇಚನೆ ಮಸುಕಾಗುತ್ತದೆ. ನಡುಕ, ಬೆವರು, ಎದೆಬಡಿತ, ಹಸಿವು, ಸಿಡುಕು ಇವು ಮೊದಲ ಸೂಚನೆಗಳು. ಆಗ ಮಾಡತಕ್ಕದ್ದು ಇಷ್ಟೆ: ಸುಮಾರು 15 ಗ್ರಾಮಿನಷ್ಟು, ಎಂದರೆ ಮೂರು ಟೀ ಚಮಚೆಯಷ್ಟು ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಯುವುದು, ಹದಿನೈದು ನಿಮಿಷ ಕಾಯ್ದು ಮತ್ತೆ ಪರೀಕ್ಷಿಸುವುದು, ಏರದಿದ್ದರೆ ಮತ್ತೊಮ್ಮೆ ಕುಡಿಯುವುದು, ಏರಿದ ಮೇಲೆ ರೊಟ್ಟಿಯನ್ನೋ ಬಿಸ್ಕತ್ತನ್ನೋ ತಿನ್ನುವುದು. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆ ಬೇಗ ರಕ್ತ ಸೇರುವುದಕ್ಕೆ ಅಡ್ಡಿಯಾಗುವುದರಿಂದ ಅಂತಹ ವೇಳೆಯಲ್ಲಿ ಅದನ್ನು ನೆಚ್ಚಲಾಗದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ಬೆವರು, ನಡುಕ ಮುಂತಾದ ಮುನ್ಸೂಚನೆಗಳೇ ಕ್ರಮೇಣ ಮಂಕಾಗಿ, ಮುಂದಿನ ಸಲ ಯಾವ ಎಚ್ಚರಿಕೆಯೂ ಇಲ್ಲದೆ ಮನುಷ್ಯ ಕುಸಿಯಬಹುದು. ಆದ್ದರಿಂದ ಒಂದು ಸಲದ ಇಳಿಕೆಯನ್ನೂ ವೈದ್ಯರಿಗೆ ಹೇಳದೆ ಬಿಡತಕ್ಕದ್ದಲ್ಲ. ಮಾತ್ರೆಯ ಪ್ರಮಾಣವನ್ನೋ ಜಾತಿಯನ್ನೋ ಬದಲಿಸುವ ಅಗತ್ಯ ಇರಬಹುದು.

ಈಗ ಹೇಳಬೇಕಾಗಿರುವುದು ಸಭೆಗಳಲ್ಲಿ ಯಾರೂ ಎತ್ತದ, ಆದರೆ ಅಧ್ಯಾಪಿಕೆಯರೆಲ್ಲರೂ ಬಲ್ಲ ಸಂಗತಿ. ಬಳಸಲು ಯೋಗ್ಯವಾದ ಶೌಚಾಲಯ ಇಲ್ಲದ ಶಾಲೆಗಳಲ್ಲಿ, ಅಥವಾ ಇದ್ದರೂ ನೀರಿಲ್ಲದ, ಚಿಲಕವಿಲ್ಲದ ಶಾಲೆಗಳಲ್ಲಿ, ಅಧ್ಯಾಪಿಕೆಯರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ. ಸಕ್ಕರೆ ಏರಿದಾಗ ಮೂತ್ರಪಿಂಡಗಳು ಅದನ್ನು ನೀರಿನೊಡನೆ ಹೊರದೂಡುವುದರಿಂದ ಬಾಯಾರಿಕೆಯೂ ಹೆಚ್ಚು, ಮೂತ್ರವೂ ಹೆಚ್ಚು. ಇಂತಹ ದೇಹವನ್ನು ನೀರಿಲ್ಲದೆ ಒಣಗಿಸುವುದೂ, ಮೂತ್ರವನ್ನು ತಾಸುಗಟ್ಟಲೆ ತಡೆದಿಡುವುದೂ ಎರಡು ಕಡೆಯಿಂದ ಹಾನಿ. ಮಧುಮೇಹಿಗಳಿಗೆ ಮೂತ್ರನಾಳದ ಸೋಂಕು ಸುಲಭವಾಗಿ ತಗಲುತ್ತದೆ, ಸೋಂಕು ತಗಲಿದಾಗ ಸಕ್ಕರೆ ಇನ್ನೂ ಏರುತ್ತದೆ. ಈಚೆಗೆ ಹೆಚ್ಚಾಗಿ ಬಳಕೆಗೆ ಬಂದಿರುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಕಳೆಯುವಂತಹವು. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಹಿತಕರವೆಂದು ಸಿದ್ಧವಾಗಿದೆಯಾದರೂ, ಗುಪ್ತಾಂಗಗಳ ಶಿಲೀಂಧ್ರ ಸೋಂಕಿಗೆ ಅವು ಎಡೆಮಾಡಿಕೊಡುವುದರಿಂದ ಸ್ವಚ್ಛತೆಯೂ ನೀರೂ ಅವುಗಳ ಪಥ್ಯವೇ ಆಗಿವೆ. ಇಂತಹ ಮಾತ್ರೆಯನ್ನು ಬರೆಯುವ ವೈದ್ಯರಿಗೆ ರೋಗಿಯ ಶಾಲೆಯ ಶೌಚಾಲಯದ ಸ್ಥಿತಿ ತಿಳಿದಿರುವುದಿಲ್ಲ, ಹೇಳಲು ರೋಗಿಗೆ ಸಂಕೋಚ. ಅಧ್ಯಾಪಿಕೆಯರು ಆ ಸಂಕೋಚವನ್ನು ಬಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿಯೂ ಈ ಮಾತನ್ನು ಗಟ್ಟಿಯಾಗಿ ಆಡಬೇಕು, ಏಕೆಂದರೆ ಅದೇ ಶೌಚಾಲಯ ನಮ್ಮ ಹೆಣ್ಣುಮಕ್ಕಳಿಗೂ ಬೇಕು.

ಪಾದಗಳ ವಿಷಯದಲ್ಲಿ ನಾನು ಇನ್ನೊಂದು ಘಟನೆಯನ್ನು ಹೇಳಬಯಸುತ್ತೇನೆ. ಪಕ್ಕದೂರಿನ ಪ್ರಾಥಮಿಕ ಶಾಲೆಯ ಹಿರಿಯ ಅಧ್ಯಾಪಕರೊಬ್ಬರು ಆಟದ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ದಿನವಿಡೀ ನಿಂತು ಪಾಠ ಹೇಳಿ, ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವಾಗ, ಜಾಲಿಯ ಮುಳ್ಳೊಂದು ಅಟ್ಟೆಯನ್ನು ತೂರಿ ಹಿಮ್ಮಡಿಯೊಳಗೆ ಮುರಿದಿದ್ದುದನ್ನು ಅವರ ಹೆಂಡತಿ ಕಂಡರು. ನೆಲದ ಮೇಲೆ ರಕ್ತದ ಗುರುತು ಬಿದ್ದಿತ್ತು, ಅವರಿಗೆ ನೋವೇ ಆಗಿರಲಿಲ್ಲ. ವರ್ಷಗಳ ಕಾಲ ಏರಿದ ಸಕ್ಕರೆಯು ಪಾದದ ನರಗಳನ್ನು ಕೆಡಿಸಿ ಸ್ಪರ್ಶಜ್ಞಾನವನ್ನು ಕಳೆದಾಗ ಹೀಗಾಗುತ್ತದೆ. ರಕ್ತಸಂಚಾರವೂ ಕುಂದಿದ್ದರೆ ಚಿಕ್ಕ ಗಾಯ ಹುಣ್ಣಾಗಿ, ಹುಣ್ಣು ಕೊಳೆತು, ಬೆರಳನ್ನೋ ಕಾಲನ್ನೋ ತೆಗೆಯುವ ಸ್ಥಿತಿ ಬರುತ್ತದೆ. ನಲಿಕಲಿ ಕೊಠಡಿಯಲ್ಲಿ ಮಕ್ಕಳೊಡನೆ ನೆಲದ ಮೇಲೆ ಕೂರುವ, ಕೊಠಡಿಯ ಹೊರಗೆ ಪಾದರಕ್ಷೆ ಬಿಡುವ ಅಧ್ಯಾಪಕರು ಈ ವಿಷಯದಲ್ಲಿ ಇತರರಿಗಿಂತ ಎಚ್ಚರವಾಗಿರಬೇಕು. ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿನಲ್ಲಿ ನೋಡುವುದು, ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡುವುದು, ಬಿಸಿನೀರನ್ನು ಕಾಲಿಗೆ ಹಾಕುವ ಮೊದಲು ಮೊಣಕೈಯಿಂದ ಪರೀಕ್ಷಿಸುವುದು, ವರ್ಷಕ್ಕೊಮ್ಮೆ ವೈದ್ಯರಿಂದ ನೈಲಾನ್ ಎಳೆಯ ಸ್ಪರ್ಶಪರೀಕ್ಷೆ ಮಾಡಿಸಿಕೊಳ್ಳುವುದು, ಇವಕ್ಕೆ ಹೆಚ್ಚು ಹಣ ಬೇಡ. ಕಣ್ಣಿನ ಅಕ್ಷಿಪಟಲದ ಪರೀಕ್ಷೆಯೂ ಮೂತ್ರದಲ್ಲಿ ಆಲ್ಬುಮಿನ್ನಿನ ಪರೀಕ್ಷೆಯೂ ವರ್ಷಕ್ಕೊಮ್ಮೆ ಆಗಬೇಕು. ಚಿಕಿತ್ಸೆ ಆರಂಭವಾದ ಹೊಸದರಲ್ಲಿ ಸಕ್ಕರೆ ಇಳಿಯುತ್ತಿರುವಾಗ ಕಣ್ಣಿನ ಮಸೂರದ ಆಕಾರ ಬದಲಾಗಿ ಹಿಂದಿನ ಬೆಂಚಿನ ಮುಖಗಳು ಮಬ್ಬಾಗಿ ಕಾಣುವುದುಂಟು. ಗಾಬರಿಗೊಂಡು ಹೊಸ ಕನ್ನಡಕ ಕೊಳ್ಳದೆ, ಸಕ್ಕರೆ ಒಂದು ಹದಕ್ಕೆ ಬರುವವರೆಗೆ ಕೆಲವು ವಾರ ತಡೆಯುವುದು ಲೇಸು.

ಸಿಹಿಯ ಪ್ರಸಂಗ ಶಾಲೆಯಲ್ಲಿ ದಿನವೂ ಬರುತ್ತದೆ. ಹುಟ್ಟುಹಬ್ಬದ ಮಗು ಹೊಸ ಬಟ್ಟೆ ತೊಟ್ಟು, ಚಾಕೊಲೇಟಿನ ಪೊಟ್ಟಣವನ್ನು ಎರಡೂ ಕೈಗಳಲ್ಲಿ ಹಿಡಿದು, “ಅಕ್ಕೋರ, ತಗೋರಿ” ಎಂದು ನಿಂತಾಗ ಬೇಡವೆನ್ನುವ ಮನಸ್ಸು ಯಾರಿಗೂ ಬಾರದು. ಬೇಡವೆನ್ನಬೇಕಾದ ಅಗತ್ಯವೂ ಇಲ್ಲ. ತೆಗೆದುಕೊಂಡು, ತಲೆ ನೇವರಿಸಿ, ಮೇಜಿನ ಖಾನೆಯಲ್ಲಿರಿಸಿದರೆ ಮಗುವಿನ ಸಂತೋಷಕ್ಕೆ ಕೊರತೆಯಿಲ್ಲ. ಕಷ್ಟವಾಗುವುದು ದೊಡ್ಡವರೊಡನೆ. ನಿವೃತ್ತಿಯ ಬೀಳ್ಕೊಡುಗೆ, ಬಡ್ತಿಯ ಪೇಡೆ, ಶಿಕ್ಷಕರ ದಿನಾಚರಣೆಯ ಹೋಳಿಗೆ, ಒಂದು ದಿನ ತಿಂದರೆ ಏನಾಗುತ್ತದೆ ಎಂಬ ಪ್ರೀತಿಯ ಬಲವಂತ. ಒಂದು ಚಹಕ್ಕೆ ಎರಡು ಚಮಚೆ ಸಕ್ಕರೆಯಂತೆ ದಿನಕ್ಕೆ ಮೂರು ನಾಲ್ಕು ಚಹ ಬರುವ ಶಿಕ್ಷಕರ ಕೊಠಡಿಯಲ್ಲಿ, ಒಂದು ಲೋಟವನ್ನು ಸಕ್ಕರೆಯಿಲ್ಲದೆ ಬೇರೆ ಮಾಡಿಸುವುದಕ್ಕೆ ನಾಚುವವರು, ತಿಂಗಳಲ್ಲಿ ಒಂದು ದಿನ ತಿನ್ನುವ ಹೋಳಿಗೆಗಿಂತ ಹೆಚ್ಚಿನ ಸಕ್ಕರೆಯನ್ನು ವಾರದಲ್ಲಿಯೇ ಕುಡಿದಿರುತ್ತಾರೆ. ಹೋಳಿಗೆಯ ಮೇಲೆ ನನಗೆ ದ್ವೇಷವಿಲ್ಲ. ಹಬ್ಬದ ದಿನ ಅರ್ಧ ಹೋಳಿಗೆ ತಿಂದು ಅನ್ನವನ್ನು ಅಷ್ಟರಮಟ್ಟಿಗೆ ಬಿಡುವುದು ಶಾಸ್ತ್ರಸಮ್ಮತವೇ.

ವೇಳಾಪಟ್ಟಿಯನ್ನೂ ಮೀರಿದ ಕರ್ತವ್ಯಗಳು ಬೇರೆ ಇವೆ. ಅವುಗಳಲ್ಲಿ ಚುನಾವಣೆಯದು ಕಠಿನತಮವಾದದ್ದು. 2024ರ ಮೇ 7ರಂದು ನಮ್ಮ ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಮತದಾನವಾಯಿತು. ಅಂತಹ ಸಂದರ್ಭದಲ್ಲಿ ಮತಗಟ್ಟೆಯ ಅಧಿಕಾರಿಗಳು ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರಗಳನ್ನು ಪಡೆದು, ಗೊತ್ತಿಲ್ಲದ ಊರಿಗೆ ಹೋಗಿ, ಮತಗಟ್ಟೆಯ ನೆಲದ ಮೇಲೆಯೇ ರಾತ್ರಿ ಕಳೆದು, ಬೆಳಗಿನ ಐದೂವರೆಗೆ ಅಣಕು ಮತದಾನ ನಡೆಸಿ, ಏಳರಿಂದ ಸಂಜೆ ಆರರವರೆಗೆ ಕದಲದೆ ಕುಳಿತು, ಯಂತ್ರಗಳನ್ನು ಮೊಹರು ಮಾಡಿ ಹಿಂದಿರುಗಿಸುವ ಹೊತ್ತಿಗೆ ನಡುರಾತ್ರಿ. ಊಟ ಯಾವಾಗ, ಯಾರಿಂದ ಎಂಬುದು ಮೊದಲೇ ತಿಳಿಯದು. ಇಂತಹ ಕರ್ತವ್ಯಕ್ಕೆ ಹೊರಡುವ ಮಧುಮೇಹಿಗಳು ಎರಡು ದಿನದ ಮಾತ್ರೆಗಳನ್ನೂ, ಕೆಡದೆ ಉಳಿಯುವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹುರಿದ ಕಡಲೆಗಳನ್ನೂ, ಗ್ಲೂಕೋಸ್ ಪುಡಿಯ ಪೊಟ್ಟಣವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು, ಆ ಚೀಲ ಎಲ್ಲಿದೆಯೆಂದು ಜೊತೆಯ ಮತಗಟ್ಟೆ ಅಧಿಕಾರಿಗೆ ತೋರಿಸಿರಬೇಕು. ಮಾತ್ರೆಯ ಪ್ರಮಾಣವನ್ನು ಆ ಎರಡು ದಿನಗಳ ಮಟ್ಟಿಗೆ ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಮೊದಲೇ ಕೇಳುವುದು ಉತ್ತಮ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬೇಸಗೆಯೇ ಶತ್ರು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯ ಶೈತ್ಯದಲ್ಲಿರಬೇಕು. ಬಳಕೆಗೆ ತೆಗೆದ ಪೆನ್ನು ಅಥವಾ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇರಬಲ್ಲದಾದರೂ 30 ಡಿಗ್ರಿಯನ್ನು ಮೀರಿದ ಬಿಸಿಯನ್ನು ತಾಳದು. ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿಟ್ಟರೆ ಅದರ ಸತ್ವ ಹೋಗುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಫ್ರಿಜ್ ಇಲ್ಲದ ಕಡೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆ ಗಣನೀಯವಾದ ತಂಪನ್ನು ಕೊಡುತ್ತದೆ.

ಇಷ್ಟೆಲ್ಲ ವ್ಯವಸ್ಥೆಗೂ ಮೂಲವಾದದ್ದು ಒಂದು: ವ್ಯಾಧಿ ಇದೆಯೆಂದು ಹೇಳುವುದು. ನಮ್ಮಲ್ಲಿ ಅದನ್ನು ಮುಚ್ಚಿಡುವವರೇ ಅಧಿಕ. ಮದುವೆಯಾಗದ ತರುಣ ಅಧ್ಯಾಪಿಕೆಗೆ ಸಂಬಂಧ ತಪ್ಪೀತೆಂಬ ಭಯ. ವರ್ಷವರ್ಷವೂ ನೇಮಕ ಹೊಸದಾಗಬೇಕಾದ ಅತಿಥಿ ಶಿಕ್ಷಕರಿಗೂ ಖಾಸಗಿ ಶಾಲೆಗಳವರಿಗೂ ಕೆಲಸ ತಪ್ಪೀತೆಂಬ ಭಯ. ಹಿರಿಯರಿಗೆ ಕನಿಕರಕ್ಕೆ ಪಾತ್ರರಾಗುವೆವೆಂಬ ಅಳುಕು. ಈ ಭಯಗಳು ನಿರಾಧಾರವೆಂದು ನಾನು ಹೇಳಲಾರೆ. ಆದುದರಿಂದಲೇ ಮೊದಲ ಹೆಜ್ಜೆಯನ್ನು ಮುಖ್ಯೋಪಾಧ್ಯಾಯರು ಇಡುವುದು ನ್ಯಾಯ. ಜೂನ್ ಆರಂಭದಲ್ಲಿ ವೇಳಾಪಟ್ಟಿ ಬರೆಯಲು ಕೂರುವಾಗ, ಯಾರಿಗೆ ಯಾವ ಹೊತ್ತಿನಲ್ಲಿ ಹತ್ತು ನಿಮಿಷ ಬೇಕು ಎಂದು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿದರೆ, ಕೇಳಿದ ರೀತಿಯಲ್ಲಿ ಸೌಜನ್ಯವಿದ್ದರೆ, ಹೇಳುವವರು ಹೇಳುತ್ತಾರೆ. ಅಂಥವರಿಗೆ ಮುಂಜಾನೆಯ ಮೂರನೆಯ ಅವಧಿಯನ್ನು ಬಿಡುವಾಗಿ ಇಟ್ಟು, ಅದನ್ನು ಬದಲಿ ತರಗತಿಗೆ ಬಳಸದಿರುವುದು. ಬಿಸಿಯೂಟದ ಸರದಿ ಬಂದ ದಿನ ಅವರು ಮೊದಲು ಉಂಡು ಆಮೇಲೆ ಉಸ್ತುವಾರಿಗೆ ನಿಲ್ಲುವಂತೆ ಮಾಡುವುದು. ಕಚೇರಿಯ ಕಪಾಟಿನಲ್ಲಿ ಗ್ಲೂಕೋಸ್ ಪುಡಿ, ಗ್ಲೂಕೋಮೀಟರ್, ಅದರ ಅವಧಿ ಮೀರದ ಪರೀಕ್ಷಾ ಪಟ್ಟಿಗಳನ್ನು ಎಲ್ಲರಿಗೂ ತಿಳಿದಿರುವ ಕಡೆ ಇಡುವುದು. ಇವುಗಳಿಂದ ಶಾಲೆಯ ಒಂದು ತರಗತಿಯೂ ನಷ್ಟವಾಗುವುದಿಲ್ಲ. ನಮ್ಮ ಶಾಲೆಯಲ್ಲಿ ಆ ಗಣಿತದ ಸಹೋದ್ಯೋಗಿಯ ಪ್ರಸಂಗವಾದ ಮೇಲೆ ಹೀಗೆ ಮಾಡಿದರು; ಅವರ ಮಾತ್ರೆಯನ್ನೂ ವೈದ್ಯರು ಬದಲಿಸಿದರು; ಆಮೇಲೆ ಅವರಿಗೆ ತರಗತಿಯಲ್ಲಿ ಸಕ್ಕರೆ ಇಳಿದುದನ್ನು ನಾನು ಕಂಡಿಲ್ಲ.

ಅಧ್ಯಾಪಕರು ಈ ವಿದ್ಯೆಯನ್ನು ಕಲಿಯುವುದರಿಂದ ಮಕ್ಕಳಿಗೂ ಪ್ರಯೋಜನವಿದೆ. ಮೊದಲನೆಯ ಬಗೆಯ ಮಧುಮೇಹವು ಹೆಚ್ಚಾಗಿ ಎಳೆಯರಿಗೆ ಬರುವಂಥದು. ಅದರಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಸಹಚರರು ಇನ್ಸುಲಿನ್ನನ್ನು ಬೇರ್ಪಡಿಸಿ, 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲು ಕೊಡುವವರೆಗೆ, ಈ ರೋಗ ಬಂದ ಮಗು ಬಹುಕಾಲ ಉಳಿಯುತ್ತಿರಲಿಲ್ಲ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ವಿಶ್ವ ಮಧುಮೇಹ ದಿನವೂ ಹೌದು, ನಮ್ಮ ಶಾಲೆಗಳ ಮಕ್ಕಳ ದಿನಾಚರಣೆಯೂ ಹೌದು; ಅಂದಿನ ಕಾರ್ಯಕ್ರಮದಲ್ಲಿ ಹತ್ತು ನಿಮಿಷವನ್ನು ಈ ವಿಷಯಕ್ಕೆ ಕೊಡುವುದು ಉಚಿತ. ಇಂತಹ ಮಕ್ಕಳು ಪರೀಕ್ಷಾ ಕೊಠಡಿಗೆ ತಿನಿಸನ್ನೂ ನೀರನ್ನೂ ತರಬಹುದೆಂದು ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ 2017ರಲ್ಲಿಯೇ ಅನುಮತಿಸಿತು. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಹೊತ್ತಿಗೆ ತಿನ್ನಲು ಅವಕಾಶ ಕೊಡಬೇಕೆಂದು ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವು 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಆ ಮಕ್ಕಳನ್ನು ಕಾಯುವ ಕೊಠಡಿ ಮೇಲ್ವಿಚಾರಕರಿಗೂ, ಅವರು ಮಧುಮೇಹಿಗಳಾಗಿದ್ದರೆ, ಅದೇ ಅವಕಾಶ ಸಲ್ಲತಕ್ಕದ್ದು.

ರೋಗ ಇನ್ನೂ ಗೊತ್ತಾಗದ ಮಕ್ಕಳ ವಿಷಯವೂ ಇದೆ: ಲವಲವಿಕೆಯಿಂದಿದ್ದ ಮಗುವೊಂದು ಕೆಲವೇ ವಾರಗಳಲ್ಲಿ ಸೊರಗಿ, ಪದೇ ಪದೇ ನೀರಿಗೂ ಮೂತ್ರಕ್ಕೂ ಹೊರಗೆ ಹೋಗಲು ಅಪ್ಪಣೆ ಕೇಳತೊಡಗಿದರೆ, ಅದನ್ನು ಪಾಠ ತಪ್ಪಿಸುವ ಹೂಟವೆಂದು ಗದರದೆ ಹೆತ್ತವರನ್ನು ಕರೆಸಿ, ರಾತ್ರಿ ಹಾಸಿಗೆ ಒದ್ದೆಯಾಗುತ್ತಿದೆಯೇ ಎಂದು ವಿಚಾರಿಸಿ, ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇವುಗಳೂ ಸೇರಿದ್ದರೆ ಮರುದಿನಕ್ಕೆ ಉಳಿಸುವಂತಿಲ್ಲ. ನೇರವಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು, ಸಾಧ್ಯವಿದ್ದಲ್ಲಿ ತರಗತಿಯ ಅಧ್ಯಾಪಕರೂ ಜೊತೆಗೆ ಹೋಗಿ, ಲಕ್ಷಣಗಳು ಎಂದಿನಿಂದ ಕಾಣಿಸಿಕೊಂಡವೆಂಬುದನ್ನು ವೈದ್ಯರಿಗೆ ತಿಳಿಸಬೇಕು.